ಜೊಂಡು ಬೆಳೆಯುವ ನೆಲ

ಹೇಮಗಿರಿಯ ಅಣೆಕಟ್ಟೆಯನ್ನು ನೋಡಿರುವ ವಾಚಕರು ಬಹುಮಂದಿ ಇರಬಹುದು. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಬೆಟ್ಟದ ಬಳಿಯಲ್ಲಿ ಹರಿಯುವ ಹೇಮಾವತಿಯ ನೀರು ಹಳೆಯ ಕಾಲದ ಆ ಕಟ್ಟೆಯ ಮೇಲಿಂದ ನೊರೆನೊರೆಯಾಗಿ ಇಳಿಯುತ್ತದೆ. ಬೆಟ್ಟದ ಮೇಲೆ ಕಲ್ಯಾಣ ವೆಂಕಟರಮಣಸ್ವಾಮಿಯ ಗುಡಿ. ಮಾಘಮಾಸದ ಸುಮಾರಿಗೆ ಸೇರುವ ದನಗಳ ಜಾತ್ರೆ ಸುತ್ತಲ ಸೀಮೆಗೆಲ್ಲ ಹೆಸರುವಾಸಿ. ನೋಡಬಂದವರು ನೀರನ್ನು ನೋಡಿ, ದೇವರಿಗೆ ಕೈಮುಗಿದು, ಬುತ್ತಿ ಬಿಚ್ಚಿ ಉಂಡು ಹಿಂದಿರುಗುತ್ತಾರೆ. ನನಗಾದರೋ ಹೇಮಗಿರಿಯೆಂದೊಡನೆ ನೆನಪಿಗೆ ಬರುವುದು ನಾಲೆಯ ಕೆಳಗಣ ಬಯಲಿನಲ್ಲಿ ನನ್ನ ಸೋದರಮಾವನವರಿಗಿರುವ ಗದ್ದೆ. ಆ ಗದ್ದೆಯ ಒಂದು ಮೂಲೆಯಲ್ಲಿ ಬೆಳೆಯುತ್ತಿದ್ದ ಜೊಂಡು.

ನಾಲೆಯ ನೀರು ಬಸಿದು ಬಸಿದು ಆ ಮೂಲೆ ಸದಾ ಜೌಗಾಗಿರುತ್ತಿತ್ತು. ಬೇಸಿಗೆಯ ರಜಕ್ಕೆ ಹೋದಾಗಲೆಲ್ಲ ನಾವು ಹುಡುಗರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಜೊಂಡನ್ನು ಬುಡಸಹಿತ ಕೀಳುತ್ತಿದ್ದೆವು. ಮರುವರ್ಷ ಹೋಗಿ ನೋಡಿದರೆ ಅದು ಹಿಂದಿಗಿಂತಲೂ ಸೊಂಪಾಗಿ ನಿಂತಿರುತ್ತಿತ್ತು. ಕೊನೆಗೊಂದು ವರ್ಷ ಮಾವ ಜೊಂಡಿನ ಗೊಡವೆಯನ್ನೇ ಬಿಟ್ಟು, ಗದ್ದೆಯ ಅಂಚಿನಲ್ಲಿ ಆಳವಾಗಿ ಒಂದು ಬಸಿಗಾಲುವೆ ತೋಡಿಸಿದರು. ಎರಡು ವರ್ಷಗಳಲ್ಲಿ ಜೊಂಡು ತಾನಾಗಿಯೇ ಸೊರಗಿ ಹೋಯಿತು. “ಜೊಂಡಿನ ಮ್ಯಾಲೆ ಸಿಟ್ಟು ಮಾಡ್ಕೊಂಡು ಏನ್ ಬಂತು ಅಳಿಯಂದ್ರೇ? ಅದುಕ್ಕೆ ಉಣ್ಣಾಕಿಕ್ತಾ ಇದ್ದದ್ದು ನೆಲ ಅಲ್ವಾ!” ಎಂದು ಅವರು ಆಗ ಆಡಿದ ಮಾತನ್ನು ನಾನು ನಕ್ಕು ಮರೆತಿದ್ದೆ. ಮತ್ತೆ ಅದು ನೆನಪಾದದ್ದು ಎರಡು ವರ್ಷಗಳ ಹಿಂದೆ, ಒಂದು ಆಸ್ಪತ್ರೆಯ ಸೂಕ್ಷ್ಮದರ್ಶಕದ ಮುಂದೆ.

ಮಾವನವರಿಗೆ ಆಗ ಐವತ್ತೆಂಟು ವರ್ಷ. ಎಂಟು ತಿಂಗಳಿಂದ ಬಹಿರ್ದೆಸೆಗೆ ಹೋದಾಗ ರಕ್ತ ಬೀಳುತ್ತಿತ್ತಂತೆ. ಯಾರೊಡನೆಯೂ ಹೇಳಿರಲಿಲ್ಲ. ಹೇಳಿದ ಮೇಲೆಯೂ “ಉಷ್ಣ, ಮೂಲವ್ಯಾಧಿ” ಎಂದು ತೀರ್ಮಾನಿಸಿ ಮಜ್ಜಿಗೆ, ಎಳನೀರು, ಊರವರು ಹೇಳಿದ ಸೊಪ್ಪಿನ ರಸ ಇವುಗಳಲ್ಲಿ ಕಾಲ ಕಳೆಯಿತು. ಆಳು ಇಳಿದುಹೋದ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕೊನೆಗೆ ನಾವು ಬಲವಂತದಿಂದ ಮೈಸೂರಿಗೆ ಕರೆತಂದು ತೋರಿಸಿದಾಗ ವೈದ್ಯರು ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆಯಿದೆಯೆಂದರು. ಶಸ್ತ್ರಚಿಕಿತ್ಸೆಯಾಗಿ ಗಡ್ಡೆಯನ್ನೂ ಅದರ ಆಚೀಚಿನ ಕರುಳಿನ ಭಾಗವನ್ನೂ ತೆಗೆದರು.

ಆಸ್ಪತ್ರೆಯ ಹಜಾರದಲ್ಲಿ ಕುಳಿತಿದ್ದಾಗ ಅತ್ತೆ ನನ್ನನ್ನು ಮೆಲ್ಲನೆ ಕೇಳಿದರು: “ನಾನು ಇಕ್ಕಿದ್ದ ಉಣ್ಣೋದ್ರಲ್ಲೇ ಏನಾರ ದ್ವಾಸ ಇತ್ತೇನಪ್ಪ? ಡಾಕುಟ್ರನ್ನ ಕೇಳು.” ಮೂವತ್ತೈದು ವರ್ಷ ಮುದ್ದೆ ತೊಳಸಿ ಬಡಿಸಿದ ಕೈ ಅದು. ಊರಿನಲ್ಲಿ ಯಾರೋ “ಮನೆಯ ಅನ್ನ ಸರಿಯಿರಲಿಲ್ಲ” ಎಂದಿದ್ದರಂತೆ. ಇನ್ನಾರೋ “ಒಳಗೇ ಕೊರಗಿ ತಂದುಕೊಂಡದ್ದು” ಎಂದಿದ್ದರಂತೆ. ಏನು ಉತ್ತರ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಛಂದಸ್ಸು ಕಲಿಸುವ ಉಪಾಧ್ಯಾಯನಿಗೆ ಕರುಳಿನ ವಿಷಯ ಹೇಗೆ ಗೊತ್ತಾಗಬೇಕು?

ಅದೃಷ್ಟವಶಾತ್, ಗಡ್ಡೆಯ ತುಣುಕುಗಳನ್ನು ಪರೀಕ್ಷಿಸುವ ವೈದ್ಯೆ ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗಿ. ಆಕೆ ನನ್ನನ್ನು ಒಳಕ್ಕೆ ಕರೆದೊಯ್ದು, “ಸಾರ್, ಇಲ್ಲಿ ನೋಡಿ” ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಊದಾ ಬಣ್ಣದ ಕೋಶಗಳ ಗುಂಪುಗಳು ಕಂಡವು. ಅವು ಕ್ಯಾನ್ಸರ್ ಕೋಶಗಳು ಎಂದಳು. ಗಡ್ಡೆಯೆಂದರೆ ಅವೇ ಇಡಿಕಿರಿದು ತುಂಬಿರುತ್ತವೆಂದು ನಾನು ಭಾವಿಸಿದ್ದೆ. ಆದರೆ ಆ ಗುಂಪುಗಳ ನಡುನಡುವೆ ನಸುಗೆಂಪು ಎಳೆಗಳ ಬಯಲು ಹರಡಿತ್ತು. ಅದರೊಳಗೆ ಸಣ್ಣ ರಕ್ತನಾಳಗಳು, ಕಡ್ಡಿಯಂತೆ ನೀಳವಾದ ಕೋಶಗಳು, ಸಾಸಿವೆ ಚೆಲ್ಲಿದಂತೆ ಕಪ್ಪನೆಯ ಚುಕ್ಕೆಗಳು. “ಇದೇನು?” ಎಂದೆ. “ಅದು ನೆಲ, ಸಾರ್. ಕ್ಯಾನ್ಸರ್ ಅಲ್ಲ, ಅದರ ಸುತ್ತಣ ಅಂಗಾಂಶ. ಈಗ ನಾವು ಗಡ್ಡೆಯನ್ನು ನೋಡುವಷ್ಟೇ ಎಚ್ಚರದಿಂದ ಇದನ್ನೂ ನೋಡುತ್ತೇವೆ” ಎಂದಳು. ಜೊಂಡಿನ ಮೂಲೆ ನನ್ನ ಕಣ್ಣಮುಂದೆ ಬಂದು ನಿಂತದ್ದು ಆಗ. ಅಂದಿನಿಂದ ಆಕೆ ಹೇಳಿಕೊಟ್ಟುದನ್ನೂ ನಾನೇ ಓದಿ ತಿಳಿದುದನ್ನೂ ಈ ವಾರ ವಾಚಕರಲ್ಲಿ ನಿವೇದಿಸುತ್ತೇನೆ.

ಮೊದಲು ಹೆಸರಿನ ಮಾತು. ಕ್ಯಾನ್ಸರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಏಡಿ. ಪ್ರಾಚೀನ ಗ್ರೀಕ್ ವೈದ್ಯರೂ ಇದನ್ನು ಏಡಿಯ ಹೆಸರಿನಿಂದಲೇ ಕರೆದರು. ಕನ್ನಡದಲ್ಲಿ ‘ಏಡಿಗಂತಿ’ ಎಂಬ ಮಾತುಂಟು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಹೆಸರಿನಲ್ಲಿಯೂ ಆ ಗಂಟಿನ ಅರ್ಥವೇ ಇದೆ. ಏಡಿಯೊಂದು ಗದ್ದೆಯ ಬದುವಿನಲ್ಲಿ ಬಿಲ ತೋಡಿದರೆ ಕೆಡುವುದು ಏಡಿ ಕುಳಿತಿರುವಷ್ಟು ಜಾಗ ಮಾತ್ರವಲ್ಲ, ಬದುವೇ ಸಡಿಲವಾಗುತ್ತದೆ. ಕಾಲು ಚಾಚಿ ಸುತ್ತಲಿನದನ್ನು ಹಿಡಿಯುವ ಪ್ರಾಣಿಯ ಹೆಸರನ್ನು ಈ ರೋಗಕ್ಕೆ ಇಟ್ಟವರು ಗಂಟಿನ ಸುತ್ತಣ ಭಾಗವನ್ನೂ ಕಂಡಿದ್ದರೆಂದೇ ತೋರುತ್ತದೆ.

ಶಾಸ್ತ್ರೀಯವಾಗಿ ಈ ವಿಷಯವನ್ನೆತ್ತಿದವರಲ್ಲಿ ಮೊದಲ ಹೆಸರು ಸ್ಟೀಫನ್ ಪೇಜೆಟ್ ಎಂಬ ಆಂಗ್ಲ ಶಸ್ತ್ರವೈದ್ಯನದು. ಸ್ತನದ ಕ್ಯಾನ್ಸರಿನಿಂದ ಮೃತರಾದ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, 1889ರಲ್ಲಿ ಅವನೊಂದು ಲೇಖನ ಪ್ರಕಟಿಸಿದ. ರೋಗದ ಕಣಗಳು ರಕ್ತದೊಡನೆ ಎಲ್ಲ ಅಂಗಗಳಿಗೂ ಹೋಗುತ್ತವೆ. ಆದರೂ ಯಕೃತ್ತಿನಂಥ ಕೆಲವೆಡೆ ಮಾತ್ರ ಹೆಚ್ಚಾಗಿ ಬೇರೂರುತ್ತವೆ, ಏಕೆ? ಬೀಜ ಎಲ್ಲೆಡೆ ಬಿದ್ದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವನ ಉತ್ತರ. ಅದು ಪೂರ್ಣ ಉತ್ತರವೇನೂ ಅಲ್ಲ. ದೊಡ್ಡ ಕರುಳಿನ ರಕ್ತವೆಲ್ಲ ಬಹುಪಾಲು ನೇರವಾಗಿ ಯಕೃತ್ತಿಗೆ ಹರಿಯುವುದರಿಂದ ಕರುಳಿನ ಕ್ಯಾನ್ಸರ್ ಮೊದಲು ಯಕೃತ್ತಿಗೆ ಹರಡುವುದು ಸಾಮಾನ್ಯ. ಅಲ್ಲಿ ನೆಲದಷ್ಟೇ ನಾಲೆಯ ಕೈವಾಡವೂ ಇದೆ. ಆದರೂ ನೆಲದ ಮಾತನ್ನು ವೈದ್ಯರ ಕಿವಿಗೆ ಹಾಕಿದ ಕೀರ್ತಿ ಪೇಜೆಟನದು.

ಆರೋಗ್ಯವಂತನ ಕರುಳಿನಲ್ಲಿಯೂ ನೆಲದ್ದೇ ಆಡಳಿತ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಲಕ್ಷೋಪಲಕ್ಷ ಸಣ್ಣ ಸಣ್ಣ ಕುಳಿಗಳಿವೆ. ಪ್ರತಿಯೊಂದು ಕುಳಿಯ ತಳದಲ್ಲಿ ಸಸಿಮಡಿಯಲ್ಲಿರುವಂತೆ ಮೂಲಕೋಶಗಳು ಹುಟ್ಟುತ್ತಿರುತ್ತವೆ. ಅವುಗಳ ಸಂತತಿ ಮೇಲೇರುತ್ತ ಬಲಿತು, ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ತಳದಲ್ಲಿರುವುದು ವೃದ್ಧಿಯಾಗುತ್ತಿರಬೇಕು, ಮೇಲೇರಿದ್ದು ವೃದ್ಧಿಯನ್ನು ನಿಲ್ಲಿಸಿ ಬಲಿಯಬೇಕು ಎಂಬ ಆಜ್ಞೆಗಳಲ್ಲಿ ಬಹುಪಾಲು ಬರುವುದು ಕುಳಿಯ ಸುತ್ತಣ ಅಂಗಾಂಶದಿಂದ. ಅಲ್ಲಿರುವ ನೀಳ ಕೋಶಗಳಿಗೆ ನಾರುಕೋಶಗಳೆಂದು ಹೆಸರಿಡೋಣ. ಅವು ಎಳೆಗಳನ್ನು ನೂಲುತ್ತವೆ, ರಾಸಾಯನಿಕ ಸಂದೇಶಗಳನ್ನು ಕಳುಹಿಸುತ್ತವೆ.

ಅವು ನೂಲುವ ಮುಖ್ಯ ಎಳೆಗೆ ಕೊಲ್ಯಾಜೆನ್ ಎಂದು ಹೆಸರು. ನಮ್ಮ ಚರ್ಮ, ಸ್ನಾಯುಬಂಧ, ಎಲುಬು ಎಲ್ಲದರಲ್ಲಿಯೂ ಇರುವ ಹುರಿ ಇದು. ರೈತ ಮೂರೆಳೆ ಸೇರಿಸಿ ಹಗ್ಗ ಹೊಸೆಯುವಂತೆ ಈ ಅಣುವೂ ಮೂರೆಳೆಯ ಹುರಿಯೆಂಬುದನ್ನು 1954-55ರಲ್ಲಿ ಮದರಾಸಿನಲ್ಲಿ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತಾ. ರಾಮಚಂದ್ರನ್‌ರವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್‌ರವರ ಶಿಷ್ಯರಾಗಿದ್ದವರು, ಮುಂದೆ ಅಲ್ಲಿಗೇ ಹಿಂದಿರುಗಿ ಅಣುಜೀವಭೌತಶಾಸ್ತ್ರದ ವಿಭಾಗವೊಂದನ್ನು ಕಟ್ಟಿದರು. ಕ್ಯಾನ್ಸರ್ ಗಂಟು ಬೆರಳಿಗೆ ಕಲ್ಲಿನಂತೆ ಗಟ್ಟಿಯಾಗಿ ತಗಲುವುದುಂಟಷ್ಟೆ? ಆ ಗಡಸುತನಕ್ಕೆ ಬಹುಮಟ್ಟಿಗೆ ಕಾರಣ ಈ ಹುರಿಯೇ ಹೊರತು ಕ್ಯಾನ್ಸರ್ ಕೋಶಗಳಲ್ಲ.

ಹಾಗಾದರೆ ಬೀಜವೆಲ್ಲಿಯದು? ಅದು ಕುಳಿಯೊಳಗಿನ ಕೋಶಗಳಲ್ಲಿಯೇ ಹುಟ್ಟುತ್ತದೆ. ಅವುಗಳ ವಂಶವಾಹಿಗಳಲ್ಲಿ ಒಂದಾದ ಮೇಲೊಂದು ತಪ್ಪುಗಳು ಸೇರಿ, ಮೊದಲು ನರುಲಿಯಂಥ ಸಣ್ಣ ಕುರು, ಅನಂತರ ಕ್ಯಾನ್ಸರ್ ಆಗುವ ಕ್ರಮವನ್ನು 1990ರಲ್ಲಿ ಫಿಯರನ್ ಮತ್ತು ವೋಗೆಲ್‌ಸ್ಟೈನ್ ಎಂಬ ಅಮೆರಿಕದ ವಿಜ್ಞಾನಿಗಳು ವಿವರಿಸಿದರು. ಇದಕ್ಕೆ ಸಾಮಾನ್ಯವಾಗಿ ಹತ್ತು ವರ್ಷಗಳೋ ಅದಕ್ಕೂ ಹೆಚ್ಚೋ ಬೇಕು. ಆದರೆ ಹೀಗೆ ಕೆಟ್ಟ ಕೋಶ ಒಂಟಿಯಾಗಿ ದೊಡ್ಡದಾಗಲಾರದು. ಅದು ನೆರೆಯವರನ್ನು ಒಲಿಸಿಕೊಳ್ಳಬೇಕು.

ಒಲಿಸಿಕೊಳ್ಳುವ ಬಗೆ ವಿಚಿತ್ರವಾದುದು. ನಮಗೆ ಗಾಯವಾದರೆ ನಾರುಕೋಶಗಳು ಓಡಿಬಂದು ಎಳೆ ಹೆಣೆಯುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ, ಬಿಳಿಯ ರಕ್ತಕಣಗಳು ನೆರೆಯುತ್ತವೆ. ಗಾಯ ಮಾಗಿದೊಡನೆ ಇವೆಲ್ಲ ಹಿಂದೆ ಸರಿಯುತ್ತವೆ. ಕ್ಯಾನ್ಸರ್ ಕೋಶ ಮಾಡುವುದು ಗಾಯವಾಗಿದೆಯೆಂಬ ಸುಳ್ಳು ಕೂಗು. ನೆರೆಯ ಕೋಶಗಳು ನಂಬಿ ದುಡಿಯುತ್ತವೆ. ದುಡಿಮೆ ನಿಲ್ಲುವುದೇ ಇಲ್ಲ. ಆದ್ದರಿಂದಲೇ 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಎಂಬ ವೈದ್ಯರು ಗಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದರು. ವರ್ಷಾನುಗಟ್ಟಲೆ ಕರುಳಿನ ಒಳಗೋಡೆ ಹುಣ್ಣಾಗಿ ಉರಿಯುವ ಕೆಲವು ಕಾಯಿಲೆಗಳವರಲ್ಲಿ ಈ ಕ್ಯಾನ್ಸರಿನ ಅಪಾಯ ಹೆಚ್ಚೆಂಬುದೂ ಇದಕ್ಕೆ ಹೊಂದುವ ಮಾತೇ.

ಹಾಗೆ ದುಡಿಯುವ ನೆಲ ಗಡ್ಡೆಗೆ ಏನೇನು ಒದಗಿಸುತ್ತದೆ? ಅನ್ನಪಾನಗಳಿಗೆ ರಕ್ತನಾಳ, ಆಚೆಗೆ ದಾಟಲು ಎಳೆಗಳ ಹಾದಿ, ಕಾವಲುಗಾರರನ್ನು ತಡೆಯುವ ಬೇಲಿ. ರಕ್ತನಾಳಗಳಿಲ್ಲದೆ ಗಡ್ಡೆ ದೊಡ್ಡದಾಗದೆಂದು 1971ರಲ್ಲಿ ಜೂಡಾ ಫೋಕ್‌ಮನ್ ಪ್ರತಿಪಾದಿಸಿದಾಗ ಒಪ್ಪಿದವರು ವಿರಳ. ಹೊಸ ರಕ್ತನಾಳಗಳನ್ನು ತಡೆಯುವ ಬೆವಾಸಿಜುಮಾಬ್ ಎಂಬ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದು ಹರಡಿದ ಕರುಳಿನ ಕ್ಯಾನ್ಸರಿಗಾಗಿಯೇ. ರೋಗಿಗಳಿಗೆ ಅದರಿಂದ ದೊರೆತದ್ದು ಸಾಮಾನ್ಯವಾಗಿ ಕೆಲವು ತಿಂಗಳ ಹೆಚ್ಚಿನ ಆಯುಸ್ಸು. ಅದು ದೊಡ್ಡ ಗೆಲವಲ್ಲದಿರಬಹುದು. ಆದರೆ ಕಳೆಗಲ್ಲದೆ ನೀರಿಗೆ ಕೈಹಾಕಿದ ಚಿಕಿತ್ಸೆ ಅದು.

ನೆಲವನ್ನು ನೋಡಿ ರೋಗದ ಗತಿಯನ್ನು ಊಹಿಸುವುದೂ ಸಾಧ್ಯವಾಗಿದೆ. ಹಾಲೆಂಡಿನ ಲೈಡನ್ನಿನ ವೈದ್ಯರು 2007ರಲ್ಲಿ, ಗಡ್ಡೆಯ ಚೂರಿನಲ್ಲಿ ಸುತ್ತಣ ಅಂಗಾಂಶವೇ ಅರ್ಧಕ್ಕಿಂತ ಹೆಚ್ಚಾಗಿದ್ದರೆ ಅಂಥ ರೋಗಿಗಳ ಗತಿ ಕಷ್ಟವೆಂದು ತೋರಿಸಿದರು. 2015ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಒಟ್ಟುಗೂಡಿ ಕರುಳಿನ ಕ್ಯಾನ್ಸರನ್ನು ನಾಲ್ಕು ಪಂಗಡಗಳಾಗಿ ವಿಂಗಡಿಸಿದರು. ಅವುಗಳಲ್ಲಿ ನಾಲ್ಕನೆಯದು, ಅಂದರೆ ನಾರಿನ ಅಂಗಾಂಶ ವಿಪರೀತವಾಗಿ ಬೆಳೆದ ಪಂಗಡ, ಸುಮಾರು ಶೇಕಡ 23ರಷ್ಟು. ಮರುಕಳಿಸುವ ಭಯ ಅದರಲ್ಲಿಯೇ ಹೆಚ್ಚು. ರೋಗ ಒಂದೇ, ಹೆಸರು ಒಂದೇ. ಒಬ್ಬನಲ್ಲಿ ಶಾಂತವಾಗಿದ್ದದ್ದು ಇನ್ನೊಬ್ಬನಲ್ಲಿ ಉಗ್ರವಾಗುವುದೇಕೆಂಬ ಹಳೆಯ ಪ್ರಶ್ನೆಗೆ ಇಲ್ಲಿ ಸ್ವಲ್ಪ ಬೆಳಕು ಬಿದ್ದಿದೆ.

ಆ ನೆಲದಲ್ಲಿ ನಾನು ಕಂಡ ಸಾಸಿವೆಯಂಥ ಚುಕ್ಕೆಗಳ ಮಾತು ಉಳಿಯಿತು. ಅವು ನಮ್ಮ ದೇಹದ ಕಾವಲುಗಾರರಾದ ಬಿಳಿಯ ರಕ್ತಕಣಗಳು. ಪ್ಯಾರಿಸಿನ ಜೆರೋಮ್ ಗಲೋನ್ ಮತ್ತು ಸಂಗಡಿಗರು 2006ರಲ್ಲಿ, ಕರುಳಿನ ಗಡ್ಡೆಯ ನಡುವೆಯೂ ಅಂಚಿನಲ್ಲಿಯೂ ಈ ಕಾವಲುಗಾರರು ಎಷ್ಟು ದಟ್ಟವಾಗಿ ನಿಂತಿದ್ದಾರೆಂಬುದರ ಮೇಲೆ ರೋಗಿಯ ಭವಿಷ್ಯ ಬಹುಮಟ್ಟಿಗೆ ನಿಂತಿದೆಯೆಂದು ಕಂಡುಕೊಂಡರು. 2018ರಲ್ಲಿ 13 ದೇಶಗಳ 2681 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದಾಗ ಆ ಮಾತು ನಿಜವೆಂದು ತಿಳಿಯಿತು. ಕೆಲವು ಗಡ್ಡೆಗಳಲ್ಲಿ ಕಾವಲುಗಾರರು ಬಂದೂ ಒಳಗೆ ನುಗ್ಗಲಾರದೆ ನಾರಿನ ಬೇಲಿಯಾಚೆ ನಿಂತುಬಿಡುತ್ತಾರೆ. ಆ ಬೇಲಿಯ ಬಾಗಿಲಿಕ್ಕುವ ಒಂದು ಸಂದೇಶವನ್ನು ತಡೆದಾಗ ಇಲಿಗಳಲ್ಲಿ ಕಾವಲುಗಾರರು ಒಳನುಗ್ಗಿದರೆಂದು ಅದೇ 2018ರಲ್ಲಿ ಬಾರ್ಸಿಲೋನದ ವಿಜ್ಞಾನಿಗಳು ವರದಿ ಮಾಡಿದರು. ಇಲಿಯಲ್ಲಿ ಫಲಿಸಿದ್ದೆಲ್ಲ ಮನುಷ್ಯನಲ್ಲಿ ಫಲಿಸುವುದಿಲ್ಲವೆಂಬುದನ್ನು ಮರೆಯಬಾರದು. ಆದರೆ ಮನುಷ್ಯರಲ್ಲಿಯೂ ಒಂದು ಬೆರಗು ಕಂಡಿದೆ. 2022ರಲ್ಲಿ ನ್ಯೂಯಾರ್ಕಿನ ವೈದ್ಯರು ಗುದನಾಳದ ಕ್ಯಾನ್ಸರಿದ್ದ 12 ಮಂದಿಗೆ ಕಾವಲುಗಾರರ ಕಟ್ಟು ಬಿಚ್ಚುವ ಔಷಧವೊಂದನ್ನು ಮಾತ್ರ ಕೊಟ್ಟರು. ಹನ್ನೆರಡು ಮಂದಿಯ ಗಡ್ಡೆಯೂ ಕಾಣದಂತಾಯಿತು. ಅವರದು ವಂಶವಾಹಿಯ ತಪ್ಪನ್ನು ತಿದ್ದುವ ಶಕ್ತಿ ಕುಂದಿದ ವಿಶೇಷ ಬಗೆಯ ಕ್ಯಾನ್ಸರ್. ಗುದನಾಳದ ಕ್ಯಾನ್ಸರುಗಳಲ್ಲಿ ಅದು ನೂರಕ್ಕೆ ಐದರಿಂದ ಹತ್ತು ಮಾತ್ರ. ಉಳಿದವರಿಗೆ ಈ ಮದ್ದು ಹಾಗೆ ಒಲಿಯುವುದಿಲ್ಲ.

ಇಷ್ಟು ಕೇಳಿದ ಮೇಲೆ ನಾನು ನನ್ನ ಶಿಷ್ಯೆಯನ್ನು ಕೇಳಿದೆ: “ಹಾಗಾದರೆ ಈ ನೆಲವನ್ನೇ ಸುಟ್ಟು ಹಾಕಬಾರದೇಕೆ?” ಆಕೆ ನಕ್ಕಳು. ಮೇದೋಜೀರಕದ ಕ್ಯಾನ್ಸರಿದ್ದ ಇಲಿಗಳಲ್ಲಿ ನಾರುಕೋಶಗಳನ್ನು ನಿರ್ಮೂಲ ಮಾಡಿ ನೋಡಿದರಂತೆ. ರೋಗ ತಗ್ಗುವ ಬದಲು ಇನ್ನೂ ಉಗ್ರವಾಯಿತೆಂದು 2014ರಲ್ಲಿ ಪ್ರಕಟವಾಯಿತು. ಸುತ್ತಣ ನೆಲ ಗಡ್ಡೆಗೆ ಅನ್ನವಿಕ್ಕುವುದೂ ಉಂಟು, ಗಡ್ಡೆಯನ್ನು ಕಟ್ಟಿಹಾಕುವುದೂ ಉಂಟು. ಬದುವನ್ನೇ ಒಡೆದರೆ ಜೊಂಡಿನೊಡನೆ ಗದ್ದೆಯ ಮಣ್ಣೂ ಕೊಚ್ಚಿಹೋಗುತ್ತದೆ. ಮಾವ ತೋಡಿಸಿದ್ದು ಬಸಿಗಾಲುವೆಯೇ ಹೊರತು ಬದುವನ್ನು ಒಡೆಯಲಿಲ್ಲ. ಆ ವಿವೇಕವನ್ನು ಔಷಧದಲ್ಲಿ ಸಾಧಿಸುವುದೇ ಈಗ ವಿಜ್ಞಾನಿಗಳ ಮುಂದಿರುವ ಕೆಲಸ.

ಮಾವನವರ ಗಡ್ಡೆಯಲ್ಲಿ ನಾರು ಅರ್ಧಕ್ಕಿಂತ ಕಡಿಮೆಯಿತ್ತು. ಅಂಚಿನಲ್ಲಿ ಕಾವಲುಗಾರರು ಸಾಕಷ್ಟು ನೆರೆದಿದ್ದರು. ಪಕ್ಕದ ಹಾಲುರಸ ಗ್ರಂಥಿಗಳಿಗೆ ರೋಗ ಹರಡಿರಲಿಲ್ಲ. “ಒಳ್ಳೆಯ ಸೂಚನೆ, ಸಾರ್, ಆದರೆ ಖಾತರಿಯ ಪತ್ರವಲ್ಲ” ಎಂದು ಆಕೆ ಎಚ್ಚರಿಸಿದಳು. ಎಂಟು ತಿಂಗಳು ಮುಚ್ಚಿಟ್ಟರೂ ಅವರ ನೆಲ ಅವರನ್ನು ಕಾಪಾಡಿತು. ಎಲ್ಲರ ನೆಲವೂ ಹಾಗೆ ಕಾಪಾಡುವುದೆಂದು ನಂಬಿ ಕೂರುವಂತಿಲ್ಲ.

ಹಜಾರಕ್ಕೆ ಬಂದು ಅತ್ತೆಗೆ ಉತ್ತರ ಹೇಳಿದೆ. ಸುತ್ತಣ ನೆಲವೆಂದು ವೈದ್ಯರು ಹೇಳುವುದು ಗಡ್ಡೆಗೆ ತಗುಲಿದಂತಿರುವ ಅಂಗಾಂಶವನ್ನು. ಮನೆಯನ್ನಲ್ಲ, ಮಡದಿಯನ್ನಲ್ಲ, ಮನಸ್ಸಿನ ಕೊರಗನ್ನೂ ಅಲ್ಲ. ಹೊಗೆಸೊಪ್ಪು, ಮದ್ಯ, ಅತಿಸ್ಥೂಲತೆ, ಮೈ ಬಗ್ಗಿಸದ ಬದುಕು, ಸಂಸ್ಕರಿಸಿ ಶೇಖರಿಸಿದ ಮಾಂಸ ಇವು ಈ ರೋಗದ ಅಪಾಯವನ್ನು ಹೆಚ್ಚಿಸುತ್ತವೆಂಬುದು ನಿಜ. ಸಿಪ್ಪೆಯೊಡನೆ ಉಣ್ಣುವ ಧಾನ್ಯ, ಕಾಳು, ಸೊಪ್ಪು ಅದನ್ನು ತಗ್ಗಿಸುತ್ತವೆ. ಆದರೆ ಅಪಾಯವೇ ಬೇರೆ, ಅಪರಾಧವೇ ಬೇರೆ. ಯಾವ ತಪ್ಪನ್ನೂ ಮಾಡದವರಿಗೂ ಈ ರೋಗ ಬರುತ್ತದೆ. ರಾಗಿಮುದ್ದೆ, ಸೊಪ್ಪಿನ ಸಾರು ಬಡಿಸಿದ ಕೈಯನ್ನು ದೂರುವವರಿಗೆ ಶಾಸ್ತ್ರದ ಆಧಾರವಿಲ್ಲ. ಅತ್ತೆ ಬಹಳ ಹೊತ್ತು ಸುಮ್ಮನಿದ್ದು, ಸೆರಗಿನಿಂದ ಕಣ್ಣೊರಸಿಕೊಂಡು, “ಹಂಗಂತ ಊರ್ನಲ್ಲಿ ಒಂದಪ ಹೇಳ್ಬಿಡಪ್ಪ” ಎಂದರು.

ಊರಿಗೆ ಹೇಳಬೇಕಾದ ಮಾತು ಇನ್ನೂ ಒಂದಿದೆ. 2022ರಲ್ಲಿ ಪ್ರಪಂಚದಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ದೊಡ್ಡ ಕರುಳು ಮತ್ತು ಗುದನಾಳಗಳ ಕ್ಯಾನ್ಸರ್ ಹೊಸದಾಗಿ ಕಂಡಿತೆಂದು ಅಂದಾಜು; ಸತ್ತವರು ಸುಮಾರು 9 ಲಕ್ಷ. ನಮ್ಮ ಸರ್ಕಾರದ ತಪಾಸಣೆಯ ಯೋಜನೆಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಈ ಮೂರರ ಕ್ಯಾನ್ಸರುಗಳಿಗೆ ಸ್ಥಾನವಿದೆ, ಕರುಳಿನದಕ್ಕಿಲ್ಲ. ಆದುದರಿಂದ ಇಲ್ಲಿ ಎಚ್ಚರ ವಹಿಸಬೇಕಾದವರು ನಾವೇ. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾಗಿಯೇ ಉಳಿದ ಮಲವಿಸರ್ಜನೆಯ ಅಭ್ಯಾಸ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆಯ ಆಯಾಸ ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿ ಹೋಗಬೇಕು. ಬಹುಪಾಲು ಜನರಿಗೆ ಅದು ಮೂಲವ್ಯಾಧಿಯೇ ಆಗಿರಬಹುದು; ಆದರೆ ಹಾಗೆಂದು ನಿರ್ಣಯಿಸಬೇಕಾದವರು ವೈದ್ಯರು, ನೆರೆಮನೆಯವರಲ್ಲ. ಕೊಳವೆಯಂಥ ದರ್ಶಕವನ್ನು ಒಳಕ್ಕೆ ಬಿಟ್ಟು ನೋಡುವ ಪರೀಕ್ಷೆಯಲ್ಲಿ ನರುಲಿಯಂಥ ಕುರುವನ್ನು ಅದು ಕ್ಯಾನ್ಸರಾಗುವ ಮುನ್ನವೇ ತೆಗೆದುಹಾಕಬಹುದು. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ರೋಗ ಬಂದಿದ್ದರೆ ನಲವತ್ತನೆಯ ವಯಸ್ಸಿನಲ್ಲಿಯೇ, ಕೆಲವರಿಗೆ ಇನ್ನೂ ಮುಂಚೆಯೇ, ಈ ಪರೀಕ್ಷೆ ಬೇಕೆಂದು ವೈದ್ಯರು ಸಲಹೆ ಕೊಡುತ್ತಾರೆ.

ಮಾವ ಈಗ ಗದ್ದೆಗೆ ಹೋಗಿ ಬರುವಷ್ಟು ಚೇತರಿಸಿಕೊಂಡಿದ್ದಾರೆ. ಕಳೆದ ಜಾತ್ರೆಯಲ್ಲಿ ಎತ್ತುಗಳ ಹಲ್ಲು ನೋಡಿ ಬೆಲೆ ಕಟ್ಟುತ್ತ ಓಡಾಡುತ್ತಿದ್ದರು. ಅವರ ಮಗ ನಾಚಿಕೆಯನ್ನು ಬದಿಗಿಟ್ಟು ಮೈಸೂರಿಗೆ ಬಂದು ಪರೀಕ್ಷೆ ಮಾಡಿಸಿಕೊಂಡ; ಒಂದು ಸಣ್ಣ ಕುರು ಇತ್ತು, ಅಲ್ಲಿಯೇ ತೆಗೆದರು. ಮಾವನವರ ತಮ್ಮ ಮಾತ್ರ “ನಂಗೇನಾಗೈತೆ?” ಎನ್ನುತ್ತ ಇನ್ನೂ ಹೋಗಿಲ್ಲ. ಈ ಸಂಚಿಕೆ ಕೈಸೇರಿದೊಡನೆ ಅವರನ್ನು ಜಗಲಿಯ ಮೇಲೆ ಕೂರಿಸಿ ಪೂರ್ತಿ ಓದಿ ಹೇಳಬೇಕೆಂದು ಅತ್ತೆಗೆ ಹೇಳಿ ಕಳುಹಿಸಿದ್ದೇನೆ.